ಸತ್ತವರಿಗೆ ರೇಷನ್ ಇಲ್ಲ

ಇಲಾರಿಯೆ ಗಾಮನ್ ಎಂಬ ಹೆಸರು ಸ್ತಾಂಕಳ ಕಿವಿಗೆ ಮೊದಲು ಬಿದ್ದದ್ದು ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ. ಚಳಿ ಆಗಷ್ಟೇ ಕಾಲಿಡುತ್ತಿದ್ದ ದಿನಗಳು, ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಎದುರುಮನೆಯ ಜಾಂಫಿರ ತನ್ನ ಖಾಲಿ ಸಿಲಿಂಡರಿನ ಮೇಲೆಯೇ ಕುಳಿತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಬೂಟಿನ ಪಕ್ಕ ಉಗುಳುತ್ತ ಸುದ್ದಿ ಹೇಳಿದಳು.

"ಬ್ರೆಡ್ ಅಂಗಡಿಗೆ ಹೊಸಬನ್ನ ಹಾಕಿದಾರೆ ಕಣೆ. ಗಾಮನ್ ಅಂತೆ. ಬಿಳೀ ಕೋಟು, ಎಣ್ಣೆ ಹಚ್ಚಿ ಬಾಚಿದ ತಲೆ. ಬ್ರೆಡ್ಡನ್ನ ಕೈಲಿ ಹಿಡ್ಕೊಂಡೇ ನಿಂತಿರ್ತಾನೆ, ಇನ್ನೊಂದು ಸಲ ಕೇಳೋವರೆಗೂ ಬಿಡಲ್ಲ."

"ಯಾಕಂತೆ?"

"ಕೇಳಿಸ್ಕೊಳ್ಳೋಕೆ ಸುಖವಾಗಿರ್ಬೇಕು. ಹೆಂಡ್ತಿ ಬಿಟ್ಟೋಗಿದಾಳಂತಲ್ಲ, ಮನೇಲಿ ಏನೂ ಕೇಳೋರಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಸ್ತಾಂಕಳೂ ನಕ್ಕಳು. ಆಗ ರುಮೇನಿಯದಲ್ಲಿ ಎಲ್ಲಿ ಸಾಲು ಕಂಡರೂ ಮೊದಲು ಹೋಗಿ ನಿಲ್ಲುವುದು, ಏನು ಕೊಡುತ್ತಿದ್ದಾರೆ ಎಂದು ಆಮೇಲೆ ಕೇಳುವುದು ಎಲ್ಲರ ರೂಢಿ. ನಿಂತು ನಿಂತು ಮರಗಟ್ಟಿದ ಕಾಲಿಗೆ ಇಂಥ ನಗೆಯೇ ಬೆಂಕಿ. ಆ ಹೆಸರು ತನ್ನ ಪಾಲಿಗೆ ಎಷ್ಟು ದುಬಾರಿಯಾಗುತ್ತದೆಂದು ಅವಳಿಗೆ ಹೇಗೆ ತಿಳಿಯಬೇಕು.

ಗಾಮನ್ ಹೊರಗಿನವನೇನಲ್ಲ, ಅದೇ ವಾಲ್ಯಾ ಸೆರೀ ಊರಿನಲ್ಲಿ ಹುಟ್ಟಿದವನು. ತಾಯಿ ಹಿಟ್ಟಿನ ಗಿರಣಿಯಲ್ಲಿ ಕಸ ಗುಡಿಸುತ್ತಿದ್ದಳು. ಅಪ್ಪ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಬರಗಾಲದ ವರ್ಷಗಳಲ್ಲಿ ಆ ಹುಡುಗ ಗಿರಣಿಯ ಬಾಗಿಲಲ್ಲಿ ಟೋಪಿ ಹಿಡಿದು ನಿಲ್ಲುತ್ತಿದ್ದನಂತೆ, ಗುಡಿಸಿದ ಹಿಟ್ಟಿನಲ್ಲಿ ಒಂದು ಹಿಡಿ ಬೀಳಲಿ ಎಂದು. ಹಾಕುವವರು ಹಾಕುತ್ತಿದ್ದರು, ಆಡಿಸುವವರು ಆಡಿಸುತ್ತಿದ್ದರು. ಮುಂದೆ ಕಮ್ಯುನಿಸ್ಟ್ ಪಕ್ಷ ಸೇರಿದ, ಒಂದೆರಡು ಕಚೇರಿಯ ಬಾಗಿಲು ಕಾಯ್ದ, ಕೊನೆಗೆ ಬ್ರೆಡ್ ಅಂಗಡಿಯ ಗಲ್ಲೆಯ ಹಿಂದೆ ಬಂದು ನಿಂತ. ದೊಡ್ಡ ಕಳ್ಳನೇನೂ ಅಲ್ಲ. ಒಳಕೋಣೆಯಲ್ಲಿ ಒಳ್ಳೆಯ ಸಾಮಾನು ಬಚ್ಚಿಡುತ್ತಿದ್ದ ನಿಜ, ಆದರೆ ಅವನಿಗೆ ಬೇಕಾಗಿದ್ದ ಲಾಭವೇ ಬೇರೆ. ಜನ ಗಲ್ಲೆಯ ಮೇಲೆ ಬಾಗಿ, ದನಿ ತಗ್ಗಿಸಿ, "ಕಾಮ್ರೇಡ್ ಗಾಮನ್, ಸ್ವಲ್ಪ ಏನಾದ್ರೂ ಇದ್ರೆ" ಎಂದು ಅರ್ಧಕ್ಕೆ ನಿಲ್ಲಿಸುವುದನ್ನು ಅವನು ಕಣ್ಣು ಅರೆಮುಚ್ಚಿ ಕೇಳುತ್ತಿದ್ದ.

ಟೋಪಿಯ ಕಥೆ ಕೇಳಿದಾಗ ಸ್ತಾಂಕಳಿಗೆ ಕನಿಕರ ಹುಟ್ಟಲಿಲ್ಲ. ಹಸಿದು ಬೆಳೆದವರು ಆ ಊರಿನಲ್ಲಿ ಬೀದಿಗೊಬ್ಬರಿದ್ದರು. ಎಲ್ಲರೂ ಗಾಮನ್ ಆಗಲಿಲ್ಲವಲ್ಲ.

ಸ್ತಾಂಕಳ ಗಂಡ ಪಾಂತೆಲಿ ಬೋಲ್ಟು ಕಾರ್ಖಾನೆಯಲ್ಲಿ ಕ್ರೇನು ಓಡಿಸುತ್ತಿದ್ದ. ಎದೆಯಲ್ಲಿ ಕಫ ಕಟ್ಟಿ, ಒಂದು ನವೆಂಬರಿನಲ್ಲಿ ಹಾಸಿಗೆ ಹಿಡಿದವನು ಏಳಲಿಲ್ಲ. ಪ್ರಾಣ ಹೋಗುವಾಗ ಕೈಗೆ ಮೇಣದ ಬತ್ತಿ ಹಿಡಿಸಿ ಕಳಿಸಿಕೊಟ್ಟದ್ದಾಯಿತು. ಇನ್ನು ಉಳಿದದ್ದು ರೊಟ್ಟಿ. ನಮ್ಮ ಕಡೆ ಸತ್ತವನು ಬರಿಗೈಯಲ್ಲಿ ಹೋಗುವಂತಿಲ್ಲ. ಮೇಲೆ ಹೋಗುವ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳಿವೆ, ಪ್ರತಿ ಕಟ್ಟೆಯಲ್ಲೂ ಒಂದು ರೊಟ್ಟಿ ಕೊಟ್ಟರೆ ಮಾತ್ರ ಮುಂದಕ್ಕೆ ಬಿಡುತ್ತಾರೆ. ಮಣ್ಣು ಮಾಡಿದ ದಿನ ಇಲ್ಲಿ ನೆರೆಹೊರೆಯವರ ಕೈಗೆ, ಬತ್ತಿ ಸಿಗಿಸಿದ ರೊಟ್ಟಿ ಇಟ್ಟು "ಇದು ಪಾಂತೆಲಿಯ ಪಾಲು" ಅಂದರೆ ಅದು ಅಲ್ಲಿ ಅವನ ಜೋಳಿಗೆಗೆ ಬೀಳುತ್ತದೆ. ಆಮೇಲೆ ಎಷ್ಟು ಕೊಟ್ಟರೂ ಅದು ಊಟಕ್ಕಾಯಿತೇ ಹೊರತು ಸುಂಕಕ್ಕಾಗುವುದಿಲ್ಲ.

ಸ್ತಾಂಕಳ ಮನೆ ಊರಂಚಿನಲ್ಲಿ, ಅಂಗಳವಿದ್ದ ಮನೆ. ಬೋರಲು ಹಾಕಿದ ಬಾನಿಯಂಥ ಮಣ್ಣಿನ ಮುಚ್ಚಳವನ್ನು ಕೆಂಡದಲ್ಲಿ ಕಾಯಿಸಿ ಅದರಡಿ ರೊಟ್ಟಿ ಸುಡುವುದರಲ್ಲಿ ಅವಳ ಕೈಗೆ ಹೆಸರಿತ್ತು. ಮುಚ್ಚಳವಿತ್ತು, ಸೌದೆಯಿತ್ತು, ಹಿಟ್ಟಿರಲಿಲ್ಲ. ಮನೆಯಲ್ಲಿ ಹಿಟ್ಟು ಹೆಚ್ಚಾಗಿ ಇಟ್ಟುಕೊಂಡರೆ ಜೈಲು ತೋರಿಸುತ್ತಿದ್ದ ಕಾಲ ಅದು. ತಲೆಗೆ ಅರ್ಧ ಬ್ರೆಡ್ಡಿನಂತೆ ಅಂಗಡಿಯಲ್ಲಿ ಕೊಟ್ಟಷ್ಟೇ ಊಟ. ಸ್ತಾಂಕ ಕರಿಯ ತಲೆವಸ್ತ್ರ ಕಟ್ಟಿಕೊಂಡು ಅಂಗಡಿಗೆ ಹೋದಳು.

ಗಾಮನ್ ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿ ಸಾಲು ಕರಗುವವರೆಗೆ ಕಾಯಿಸಿದ. ಒಳಕೋಣೆಯ ಬಾಗಿಲು ಓರೆಯಾಗಿತ್ತು. ಹಿಟ್ಟಿನ ಮೂಟೆಗಳು ಒಂದರ ಮೇಲೊಂದು ಒರಗಿಕೊಂಡಿದ್ದವು. ಪಕ್ಷದ ಕಾರ್ಯದರ್ಶಿಯ ಮಗಳ ಮದುವೆಗೆ ತೆಗೆದಿಟ್ಟದ್ದೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಹಿಟ್ಟು ಕೇಳಿದಳು. ಎರಡನೇ ಸಲ ಕೇಳಿಸಿದ, ಕೇಳಿದಳು. ಬೇಡಿಕೊಂಡಳು ಎಂದೇ ಹೇಳಬೇಕು. ಗಲ್ಲೆಯ ಅಂಚಿಗೆ ಹಣೆ ತಾಗುವಷ್ಟು ಬಾಗಿ ಬೇಡಿದಳು.

ಅವನು ಕೂದಲು ಸವರಿಕೊಂಡು, ಯಾರೋ ಹವಾಮಾನ ಕೇಳಿದಂತೆ ಹೇಳಿದ: "ಸತ್ತವರಿಗೆ ರೇಷನ್ ಇಲ್ಲಮ್ಮ."

ಆಮೇಲೆ ಕೈ ಚಾಚಿದ. ಪಾಂತೆಲಿಯ ರೇಷನ್ ಚೀಟಿ ವಾಪಸು ಕೊಡಬೇಕಂತೆ. ತೆಗೆದುಕೊಂಡು, ಕತ್ತರಿಯಿಂದ ಅವಳ ಕಣ್ಣೆದುರೇ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿ, "ಮುಂದಿನವರು" ಎಂದ. ಹಿಂದೆ ಯಾರೂ ಇರಲಿಲ್ಲ.

ಪಾಂತೆಲಿಯ ಹೆಸರಿನಲ್ಲಿ ಅವಳು ಮಣ್ಣು ಮಾಡಿದ ದಿನ ರೊಟ್ಟಿಯ ಬದಲು ಬೇಯಿಸಿದ ಆಲೂಗಡ್ಡೆ ಹಂಚಿದಳು. ಜನ ತೆಗೆದುಕೊಂಡು ಹೋದರು. ಕನಸಿನಲ್ಲಿ ಗಂಡ ಬಂದ. ಉದ್ದನೆಯ ಸಾಲಿನ ತುದಿಯಲ್ಲಿ, ಖಾಲಿ ಕೈಚೀಲ ಹಿಡಿದು ನಿಂತಿದ್ದ. ಸುಂಕದ ಕಟ್ಟೆಯ ಒಳಗಿಂದ ಬಿಳೀ ಕೋಟಿನವನೊಬ್ಬ ಇಣುಕುತ್ತಿದ್ದ. ಎದ್ದು ಕುಳಿತ ಸ್ತಾಂಕ ಅಳಲಿಲ್ಲ. ಒಂದೇ ಒಂದನ್ನು ಕೇಳಿಕೊಂಡಳು, ಯಾರನ್ನು ಕೇಳಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ: ಇವನು ನನ್ನ ಮುಂದೆ ನಿಂತು ರೊಟ್ಟಿ ಬೇಡಬೇಕು. ಬೇಡಿದಾಗ ಇವನ ಮಾತನ್ನೇ ಇವನ ಬಾಯಿಗೆ ಹಾಕಬೇಕು. ಅಲ್ಲಿಯವರೆಗೆ ನನಗೆ ಸಾವು ಬೇಡ.

ಎಂಬತ್ತೊಂಬತ್ತರ ಡಿಸೆಂಬರ್ ಬಂತು. ಜಾಂಫಿರಳ ಮನೆಯ ಟಿವಿಯಲ್ಲಿ, ರಾಜಧಾನಿಯ ಚೌಕದಲ್ಲಿ ಜನ ಕೂಗುತ್ತಿದ್ದರು. ಇಷ್ಟು ವರ್ಷ ಎಲ್ಲರ ಗೋಡೆಯ ಮೇಲೆ ಪಟವಾಗಿದ್ದ ಸರ್ವಾಧಿಕಾರಿ ಚಾವಣಿಯಿಂದ ಹೆಲಿಕಾಪ್ಟರ್ ಹತ್ತಿ ಓಡಿದ. ಅದನ್ನು ನೋಡಿ ವಾಲ್ಯಾ ಸೆರೀಯ ಜನ ಮೊದಲು ಹೋದದ್ದು ಪಕ್ಷದ ಕಚೇರಿಗಲ್ಲ, ಬ್ರೆಡ್ ಅಂಗಡಿಗೆ. ಬಾಗಿಲು ಒಡೆದರು. ಒಳಕೋಣೆಯಲ್ಲಿ ಕಾಫಿ, ಸಲಾಮಿ, ಕಿತ್ತಳೆ. ಮಕ್ಕಳು ಕಿತ್ತಳೆಯನ್ನು ಚೆಂಡೆಂದು ಒದ್ದರು. ಗಾಮನ್‌ನನ್ನು ಬಿಳೀ ಕೋಟು ಹಿಡಿದು ಎಳೆತಂದು ಹಿಮದಲ್ಲಿ ಮಂಡಿಯೂರಿಸಿದರು. ಎಣ್ಣೆ ಹಚ್ಚಿದ ಕೂದಲು ಹಣೆಗೆ ಬಿದ್ದಿತ್ತು. ಯಾರೋ ಸ್ತಾಂಕಳ ಕೈಗೆ ಸೌದೆ ಕೊಟ್ಟು, ಮೊದಲ ಏಟು ನಿನ್ನದು ಅಂದರು. ನ್ಯಾಯದ ಮಾತೇ.

ಅವಳು ಹತ್ತಿರ ಹೋಗಿ ನೋಡಿದಳು. ಅವನ ಗದ್ದ ನಡುಗುತ್ತಿತ್ತು, ಆದರೆ ಬಾಯಿ ಏನನ್ನೂ ಕೇಳುತ್ತಿರಲಿಲ್ಲ. ಪ್ರಾಣವನ್ನೂ ಬೇಡುತ್ತಿರಲಿಲ್ಲ. ಸೌದೆಯನ್ನು ಕೆಳಗೆ ಹಾಕಿದಳು.

"ಬಿಡಿ ಅವನ್ನ. ಹೊಡೆದ್ರೆ ಸತ್ತೋಗ್ತಾನೆ. ಇವನು ಬದುಕಿರ್ಬೇಕು. ಇವನು ನಂಗೆ ಬೇಕು."

ಜನ ಅದನ್ನು ದೊಡ್ಡ ಮನಸ್ಸು ಎಂದುಕೊಂಡರು. ಪಾದ್ರಿ ಮುಂದಿನ ಭಾನುವಾರ ಅವಳ ಹೆಸರೆತ್ತಿ ಕ್ಷಮೆಯ ಕುರಿತು ಉಪದೇಶ ಮಾಡಿದ. ಸ್ತಾಂಕ ತಲೆ ತಗ್ಗಿಸಿ ಕೇಳಿದಳು. ಪಕ್ಕದಲ್ಲಿದ್ದ ಜಾಂಫಿರ ಮೊಣಕೈಯಿಂದ ತಿವಿದು, ನಗು ತಡೆಯಲಾರದೆ ತಲೆವಸ್ತ್ರ ಬಾಯಿಗೆ ತುರುಕಿಕೊಂಡಳು.

ಸರ್ಕಾರ ಉರುಳಿಸುವುದು ಒಂದು ವಾರದ ಕೆಲಸ. ಉರುಳಿದ ಮೇಲೆ ಅದರಡಿ ಸಿಕ್ಕಿಕೊಳ್ಳುವವರು ಯಾರೆಂದು ಯಾರೂ ಮೊದಲೇ ಹೇಳುವುದಿಲ್ಲ. ಬೋಲ್ಟು ಕಾರ್ಖಾನೆಯ ಬೋಲ್ಟು ಯಾರಿಗೂ ಬೇಡವಾಯಿತು. ಗೇಟಿಗೆ ಬೀಗ ಬಿತ್ತು, ಪಾಂತೆಲಿಯ ಕ್ರೇನನ್ನು ಕಡಿದು ಗುಜರಿಗೆ ಒಯ್ದರು. ಗಂಡಸರು ವಸತಿ ಬ್ಲಾಕಿನ ಮುಂದಿನ ಬೆಂಚುಗಳಲ್ಲಿ ಕುಳಿತು ಮೊದಲೇ ಚೆನ್ನಾಗಿತ್ತು ಎನ್ನತೊಡಗಿದರು. ಗಾಮನ್ ಮಾತ್ರ ವಸಂತ ಬರುವಷ್ಟರಲ್ಲಿ ತೋಳಿಗೆ ದೇಶದ ಬಾವುಟದ ಮೂರು ಬಣ್ಣದ ಪಟ್ಟಿ ಕಟ್ಟಿಕೊಂಡು, ಜನರಿಗಾಗಿ ಅಂಗಡಿಯ ಬಾಗಿಲು ತೆರೆದವನೇ ತಾನು ಎಂದು ಹೇಳಿಕೊಂಡು ಓಡಾಡುತ್ತಿದ್ದ. ಅಂಗಡಿಗಳನ್ನು ನಡೆಸುತ್ತಿದ್ದವರಿಗೇ ಬಿಟ್ಟುಕೊಡುವ ಕಾನೂನು ಬಂದಾಗ ಅಂಗಡಿ ಅವನದೇ ಆಯಿತು. ಹಳೆಯ ಫಲಕ ಇಳಿಯಿತು, ಅವನ ಹೆಸರಿನ ಫಲಕ ಏರಿತು. ನಿನ್ನೆಯ ಕಾಮ್ರೇಡು ಇಂದು ಯಜಮಾನರು.

"ನೋಡಿದ್ಯಾ ನಿನ್ನ ದೊಡ್ಡ ಮನಸ್ಸು," ಎಂದಳು ಜಾಂಫಿರ. "ಅವತ್ತೇ ಒಂದು ಬಾರಿಸಿದ್ರೆ ಆಗ್ತಿತ್ತು."

"ಬಾರಿಸ್ತೀನಿ," ಎಂದಳು ಸ್ತಾಂಕ. "ರೊಟ್ಟೀಲೇ ಬಾರಿಸ್ತೀನಿ. ಈಗ ಹಿಟ್ಟು ಮಾರೋಕೆ ಯಾರ ಅಪ್ಪಣೆ ಬೇಕು?"

ಈಸ್ಟರ್ ಕಳೆದು ಬರುವ ಒಂದು ಮಂಗಳವಾರ ನಮ್ಮ ಕಡೆ ಹೆಂಗಸರ ದಿನ. ಅಂದು ಹೆಂಗಸರು ಸೇರಿ ಮಣ್ಣು ತುಳಿದು ಮುಚ್ಚಳ ಮಾಡುತ್ತಾರೆ. ಗಂಡಸರು ಹತ್ತಿರ ಸುಳಿಯುವಂತಿಲ್ಲ, ಬೇರೆ ದಿನ ಮಾಡಿದ ಮುಚ್ಚಳ ಬಿರಿಯುತ್ತದೆ ಎಂದು ನಂಬಿಕೆ. ಆ ವರ್ಷ ಸ್ತಾಂಕಳ ಅಂಗಳಕ್ಕೆ ಬೀದಿಯ ಹೆಂಗಸರೆಲ್ಲ ಬಂದರು, ಗಂಡಂದಿರ ಕೆಲಸ ಹೋದವರೇ ಹೆಚ್ಚು. ಹೊಟ್ಟು, ಆಡಿನ ಕೂದಲು ಸೇರಿಸಿದ ಮಣ್ಣನ್ನು ಲಂಗ ಎತ್ತಿ ಕಟ್ಟಿ ತುಳಿದರು. ಹಾಡಿದರು, ವೈನು ಕುಡಿದರು, ಬೇಲಿಯಾಚೆ ಇಣುಕಿದ ಗಂಡಸಿಗೆ ಮಣ್ಣಿನ ಮುದ್ದೆ ಎಸೆದರು. ಸ್ತಾಂಕ ಹಾಡಲಿಲ್ಲ. ಪ್ರತಿ ತುಳಿತಕ್ಕೂ ಒಂದೇ ಹೆಸರು ಹೇಳಿಕೊಂಡು ತುಳಿದಳು. ಅಷ್ಟು ಹದವಾದ ಮಣ್ಣನ್ನು ತಾವು ಹುಟ್ಟಿದಾಗಿನಿಂದ ಕಂಡಿಲ್ಲ ಎಂದು ಮುದುಕಿಯರು ಹೇಳಿದರು.

ಗಾಮನ್‌ನ ಅಂಗಡಿಗೆ ಎದುರಾಗಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿಕೊಂಡೇ ಅವಳು ತಗಡಿನ ಚಪ್ಪರ ಹಾಕಿದಳು. ಬೆಳಗಾದರೆ ಕೆಂಡ, ಹುಳಿಬಂದ ಹಿಟ್ಟು, ಎಲೆಕೋಸಿನ ಎಲೆಯ ಮೇಲೆ ಬೆಂದ ರೊಟ್ಟಿಯ ವಾಸನೆ ಬೀದಿ ದಾಟಿ ನೇರ ಅವನ ಗಲ್ಲೆಗೆ ಹೋಗುತ್ತಿತ್ತು. ಅವಳ ವ್ಯಾಪಾರದ ನಿಯಮ ಒಂದೇ: ಕೇಳಿದವರಿಗೆ ಕೊಡುವುದು, ಇನ್ನೊಂದು ಸಲ ಕೇಳಿಸದೆ ಕೊಡುವುದು. ಇದಕ್ಕೆ ಬಂಡವಾಳಶಾಹಿ ಎನ್ನುತ್ತಾರೆಂದು ಬೆಂಚಿನ ಮೇಲಿನ ಗಂಡಸರು ಅವಳಿಗೆ ತಿಳಿಸಿದರು, ಬೈಗುಳವೆಂಬಂತೆ. ಅವಳಿಗೆ ಆ ಪದ ಹಿಡಿಸಿತು. ಯಾವ ಗಿರಣಿಯವನು ಒಳ್ಳೆಯ ಹಿಟ್ಟು ಕೊಡುತ್ತಾನೋ ಅವನ ಹತ್ತಿರ ಕೊಂಡಳು. ಅವನು ಜಂಬ ಮಾಡಿದರೆ ಪಕ್ಕದ ಊರಿನವನ ಹತ್ತಿರ ಹೋದಳು. ಯಾರ ಗಲ್ಲೆಗೂ ಹಣೆ ತಾಗಿಸಬೇಕಾಗಿರಲಿಲ್ಲ. ಮಣ್ಣು ತುಳಿದ ಹೆಂಗಸರಲ್ಲಿ ಅರ್ಧ ಜನ ಅವಳ ಚಪ್ಪರದಲ್ಲೇ ದುಡಿದು ಮನೆ ನಡೆಸಿದರು. ಮೊದಲೇ ಚೆನ್ನಾಗಿತ್ತು ಎನ್ನುತ್ತಿದ್ದ ಅವರ ಗಂಡಂದಿರೂ ಆ ಮಾತನ್ನು ಅವಳ ರೊಟ್ಟಿ ಅಗಿಯುತ್ತಲೇ ಆಡುತ್ತಿದ್ದರು.

ಗಾಮನ್ ಮುಳುಗಿದ್ದು ಅವಳ ರೊಟ್ಟಿಯಿಂದ ಎಂದು ಊರು ಹೇಳುತ್ತದೆ. ಪೂರ್ತಿ ನಿಜವಲ್ಲ. ಅಂಗಡಿ ತನ್ನದಾದ ಮೇಲೂ ಅವನು ಒಳ್ಳೆಯ ಸಾಮಾನನ್ನು ಒಳಕೋಣೆಯಲ್ಲಿಯೇ ಇಡುತ್ತಿದ್ದ. ತಾನೇ ಕಾಸು ಕೊಟ್ಟು ತಂದ ಚಾಕೊಲೇಟು, ಬೆಣ್ಣೆ, ತಾಜಾ ಬ್ರೆಡ್ಡು ಒಳಗೆ. ಎದುರಿನ ಹಲಗೆಯ ಮೇಲೆ ನಿನ್ನೆಯದು. ಬಂದವರು ಬಾಗಿ, ದನಿ ತಗ್ಗಿಸಿ, ಒಳಗೇನಾದರೂ ಇದೆಯೇ ಎಂದು ಕೇಳಲಿ ಎಂದು ಕಾಯುತ್ತಿದ್ದ. ಯಾರು ಕೇಳುತ್ತಾರೆ. ಜನ ಹಲಗೆ ನೋಡಿ ಹೊರಟುಹೋಗುತ್ತಿದ್ದರು. ಒಳಗೆ ಬೆಣ್ಣೆ ಕಮಟು ಹಿಡಿಯುತ್ತಿತ್ತು. ಬೇಡಿಸಿಕೊಳ್ಳದೆ ಮಾರುವುದು ಅವನಿಗೆ ಬರಲೇ ಇಲ್ಲ. ಕೊನೆಗೆ ಅಂಗಡಿ ಹೋಯಿತು. ಅಲ್ಲಿ ಹಳೇ ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಮಾರುವವರು ಬಂದರು. ಫಲಕ ಇಳಿಸುವ ದಿನ ಸ್ತಾಂಕ ಕೆಲಸ ಬಿಟ್ಟು, ಚಪ್ಪರದ ಕಂಬಕ್ಕೆ ಒರಗಿ ನಿಂತು ಕೊನೆಯ ಮೊಳೆ ಕೀಳುವವರೆಗೂ ನೋಡಿದಳು. ಹೊಟ್ಟೆ ತುಂಬಿತು, ಆದರೆ ಪೂರ್ತಿ ತುಂಬಲಿಲ್ಲ. ಅವನಿನ್ನೂ ಬೇಡಿರಲಿಲ್ಲ.

ಆ ದಿನವೂ ಬಂತು. ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಚಪ್ಪರದ ಮುಂದೆ ಸಾಲು ಬೆಳೆದಿತ್ತು. ತುದಿಯಲ್ಲಿ ಹಳೆಯ ಟೋಪಿ ಹಾಕಿದ ಮುದುಕನೊಬ್ಬ ಬಂದು, ಕೊನೆಯವರು ಯಾರು ಎಂದು ಕೇಳಿ ನಿಂತ. ಗಾಮನ್. ಸ್ತಾಂಕಳ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಅವನ ಸರದಿ ಬರುವವರೆಗೆ ಅವಳು ಒಬ್ಬರ ಮುಖವನ್ನೂ ನೋಡಲಿಲ್ಲ. ಬೆನ್ನ ಹಿಂದಿನ ಹಲಗೆಯ ಮೇಲೆ ರೊಟ್ಟಿಗಳು ಹೊಗೆಯಾಡುತ್ತಿದ್ದವು. ಅವನು ಮುಂದೆ ಬಂದು, ಒಂದು ರೊಟ್ಟಿ ಎಂದ.

"ಮುಗೀತು," ಎಂದಳು ಸ್ತಾಂಕ. "ನಾಳೆ ಬನ್ನಿ."

ಗಾಮನ್ ಅವಳ ಹೆಗಲ ಮೇಲಿಂದ ರೊಟ್ಟಿಗಳನ್ನು ನೋಡಿದ. ಅವಳನ್ನು ನೋಡಿದ. ಈಗ ಬಾಗುತ್ತಾನೆ, ಈಗ ಇನ್ನೊಂದು ಸಲ ಕೇಳುತ್ತಾನೆ ಎಂದು ಅವಳು ಕಾದಳು. ನಾಲಿಗೆಯ ತುದಿಗೆ ಆ ಮಾತು ಬಂದು ಕುಳಿತಿತ್ತು. ಅವನು ಟೋಪಿ ಎತ್ತಿ ನಮಸ್ಕರಿಸಿ, ರಸ್ತೆ ದಾಟಿ, ಬಸ್ ನಿಲ್ದಾಣದ ಪಕ್ಕ ಹೊಸದಾಗಿ ಆಗಿದ್ದ ಗಾಜಿನ ದೊಡ್ಡ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬ್ರೆಡ್ ಹಿಡಿದು, ಅವಳ ಚಪ್ಪರದ ಮುಂದೆಯೇ, ಅದರ ತುದಿ ಮುರಿದು ತಿನ್ನುತ್ತ ಹಾದುಹೋದ.

ಯಾರೋ ಕಿಸಕ್ಕೆಂದರು. ನಕ್ಕದ್ದು ಅವನನ್ನು ನೋಡಿಯಲ್ಲ.

ಮುಗಿಯಿತು ಎಂಬ ಮಾತಿಗೆ ಹಿಂದೆ ಇದ್ದ ಜೀವ ಹೋಗಿ ವರ್ಷಗಳಾಗಿದ್ದವು. ಸಾಲಿನಲ್ಲಿ ಬೆಳೆದ ಸ್ತಾಂಕಳಿಗೆ ಮಾತ್ರ ಅದು ತಿಳಿದಿರಲಿಲ್ಲ. ತನ್ನ ಕೈಯಿಂದ ಬಾರದಿದ್ದರೆ ಅವನು ಹಸಿದಿರುತ್ತಾನೆ ಎಂದುಕೊಂಡಿದ್ದಳು. ಯಾವ ಕಾಲವನ್ನು ಅವಳು ಹೊಗಳುತ್ತಿದ್ದಳೋ ಅದೇ ಕಾಲ ಅವನಿಗೂ ಬಾಗಿಲು ತೆರೆದಿಟ್ಟಿತ್ತು.

"ಒಳಕೋಣೆ ಒಂದು ಕಟ್ಟಿಸ್ಬಿಡು," ಎಂದಳು ಜಾಂಫಿರ, ಹಿಟ್ಟು ತಟ್ಟುತ್ತ, ತಲೆಯೆತ್ತದೆ. "ಬಿಳೀ ಕೋಟು ನಾನು ಹೊಲಿಸ್ಕೊಡ್ತೀನಿ."

ಆ ವಾರವಿಡೀ ಸ್ತಾಂಕ ಅವಳೊಡನೆ ಮಾತಾಡಲಿಲ್ಲ. ಹಾಗೆಂದು ದ್ವೇಷವನ್ನೇನೂ ಬಿಡಲಿಲ್ಲ. ಗಾಜಿನ ಅಂಗಡಿಯಲ್ಲಿ ಸಿಗದ್ದು ಒಂದಿತ್ತು. ಅಲ್ಲಿ ಹತ್ತು ಬಗೆಯ ಬ್ರೆಡ್ಡು ಮಾರುತ್ತಿದ್ದರು, ಸತ್ತವರ ರೊಟ್ಟಿ ಮಾರುತ್ತಿರಲಿಲ್ಲ. ಅದನ್ನು ಹೆಂಗಸಿನ ಕೈ ನಾದಬೇಕು, ಸತ್ತವನ ಹೆಸರು ಹೇಳಿಕೊಂಡು ನಾದಬೇಕು. ಊರಿನಲ್ಲಿ ಹಾಗೆ ನಾದುವವಳು ಈಗ ಅವಳೊಬ್ಬಳೇ. ಮಕ್ಕಳಿಲ್ಲದ, ಹೆಂಡತಿ ಬಿಟ್ಟ ಮುದುಕ ಇಂದಲ್ಲ ನಾಳೆ ಬರಲೇಬೇಕು. ಅವಳು ಕಾದಳು. ಕಾಯುವುದು ಅವಳಿಗೆ ಹೊಸದಾಗಿರಲಿಲ್ಲ.

ಕೊನೆಗೆ ಕರೆ ಬಂತು. ಪಾದ್ರಿಯ ಹೆಂಡತಿ ರೊಟ್ಟಿಗೆ ಬಂದವಳು, ಗಾಮನ್ ಹಾಸಿಗೆ ಹಿಡಿದಿದ್ದಾನೆ, ನಿಮ್ಮನ್ನು ಕೇಳುತ್ತಿದ್ದಾನೆ ಎಂದಳು. ಸ್ತಾಂಕ ಆ ಮಧ್ಯಾಹ್ನ ಒಂದೇ ಒಂದು ರೊಟ್ಟಿ ಸುಟ್ಟಳು. ಕೆಂಡದಿಂದ ತೆಗೆದದ್ದನ್ನು ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು ಹೊರಟಳು. ಕೊಡುವುದಕ್ಕಲ್ಲ. ವಾಸನೆ ಅವನ ಕೋಣೆ ತುಂಬಲಿ ಎಂದು.

ಬ್ಲಾಕಿನ ಮೇಲಿನ ಮಹಡಿ. ಕಿಟಕಿಯ ಬಳಿ ಮಂಚ. ಎಣ್ಣೆ ಹಚ್ಚುತ್ತಿದ್ದ ಕೂದಲು ದಿಂಬಿನ ಮೇಲೆ ಬೆಳ್ಳಗೆ ಹರಡಿತ್ತು. ಅವಳು ಕುರ್ಚಿ ಎಳೆದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಹೇಗಿದ್ದೀರಿ ಎಂದು ಕೇಳಲಿಲ್ಲ. ಅವನ ಮೂಗಿನ ಹೊಳ್ಳೆ ಅರಳುವುದನ್ನು ನೋಡಿದಳು.

ಅವನು ಉಸಿರು ಕೂಡಿಸಿಕೊಂಡು ಹೇಳಿದ. ತನಗೆ ಯಾರೂ ಇಲ್ಲ. ಪಾದ್ರಿ ಮಂತ್ರ ಹೇಳುತ್ತಾನೆ, ಮಣ್ಣು ಮಾಡುವವರೂ ಸಿಗುತ್ತಾರೆ. ರೊಟ್ಟಿ ಮಾತ್ರ ಇಲ್ಲ. ಆ ದಾರಿಯಲ್ಲಿ ಬರಿಗೈಯಲ್ಲಿ ನಿಲ್ಲುವುದೆಂದರೆ ಭಯ. ಚಿಕ್ಕಂದಿನಲ್ಲಿ ಗಿರಣಿಯ ಬಾಗಿಲಲ್ಲಿ ನಿಂತದ್ದು ಸಾಕು.

"ನನ್ನ ಹೆಸರಲ್ಲಿ ಸುಟ್ಟುಕೊಡಬೇಕು," ಎಂದ. "ಬೇಡ್ಕೋತಿದೀನಿ ಸ್ತಾಂಕಕ್ಕ. ಇನ್ನೊಂದು ಸಲ ಕೇಳು ಅಂದ್ರೆ ಕೇಳ್ತೀನಿ."

ಇನ್ನೊಂದು ಸಲ ಕೇಳಿದ. ಅವಳು ಕೇಳಿಸಿದ್ದಕ್ಕಲ್ಲ, ತಾನಾಗಿಯೇ ಕೇಳಿದ.

ಸ್ತಾಂಕ ಮುಂದಕ್ಕೆ ಬಾಗಿದಳು. ಇಷ್ಟು ವರ್ಷ ಹಲ್ಲಿನ ಹಿಂದೆ ಇಟ್ಟುಕೊಂಡ ಮಾತು, ಸ್ವಲ್ಪವೂ ಸವೆದಿರಲಿಲ್ಲ. ದನಿ ಎತ್ತರಿಸದೆ, ಅವನು ಅಂದು ಹೇಳಿದ ಹಾಗೆಯೇ, ಹವಾಮಾನ ಹೇಳುವಂತೆ ಹೇಳಿದಳು.

"ಸತ್ತವರಿಗೆ ರೇಷನ್ ಇಲ್ಲ, ಯಜಮಾನರೇ."

ಅವನಿಗೆ ನೆನಪಿತ್ತು. ನೆನಪಿದೆಯೆಂಬುದು ಮುಖದಲ್ಲಿ ಕಂಡಿತು, ಅವಳಿಗೆ ಬೇಕಾದದ್ದೂ ಅದೇ. ಅವನು ಕಿಟಕಿಯ ಕಡೆ ತಿರುಗಿದ. ನಗುವೋ ಕೆಮ್ಮೋ ಎದೆಯಲ್ಲಿ ಬಹಳ ಹೊತ್ತು ಗರಗರ ಎಂದಿತು. ಅವಳು ಎದ್ದು ಚೀಲ ತೆಗೆದುಕೊಂಡಳು. ಬಾಗಿಲ ಬಳಿ ಹೋದಾಗ ಹಿಂದಿನಿಂದ ದನಿ ಬಂತು, ಟೋಪಿ ಹಿಡಿದು ನಿಂತ ಹುಡುಗನದಷ್ಟು ಸಣ್ಣ ದನಿ.

"ನಾನಿನ್ನೂ ಸತ್ತಿಲ್ವಲ್ಲ ಸ್ತಾಂಕಕ್ಕ. ಆ ಚೀಲದಲ್ಲಿರೋದ್ರಲ್ಲಿ ಬದುಕಿರೋನಿಗೆ ಒಂದು ಚೂರು ಕೊಡ್ತೀರಾ?"